ಮಗುವಿನ ಕನ್ನಡಕ ಮೂಗಿನ ಮೇಲೆ ಯಾಕೆ ನಿಲ್ಲಲ್ಲ?

ನಿಮ್ಮನೇಲಿ ಅಕ್ಕನ ಮಗನೋ, ಪುಟ್ಟ ತಂಗಿಯೋ ಕನ್ನಡಕದ ಮೇಲಿಂದ ಇಣುಕಿ ನೋಡ್ತಿದ್ರೆ ಬೈಬೇಡಿ. ಬಹಳ ಸಲ ತಪ್ಪು ಮಗುದಲ್ಲ, ಫ್ರೇಮ್‌ದು.

ಚಿಕ್ಕ ಮಕ್ಕಳ ಮೂಗಿನ ಬುಡ ಇನ್ನೂ ಚಪ್ಪಟೆ. ಅದಕ್ಕೇ ಫ್ರೇಮ್ ಜಾರುತ್ತೆ. ಜಾರಿದ್ರೆ ಕಣ್ಣು ಲೆನ್ಸ್‌ನ ಮಧ್ಯಕ್ಕೆ ಬರಲ್ಲ, ಹಾಕಿಯೂ ಹಾಕದ ಹಾಗೆ. 'ಸೋಮಾರಿ ಕಣ್ಣಿ'ಗೆ ಅಂತ ಡಾಕ್ಟರ್ ಕನ್ನಡಕ ಕೊಟ್ಟಿದ್ರಂತೂ ಚಿಕಿತ್ಸೆಯೇ ನಿಂತಂತೆ. ಆ ತೊಂದರೆ ಎಳೆ ವಯಸ್ಸಲ್ಲಿ ಸರಿಹೋಗೋದು ಸುಲಭ, ತಡವಾದಷ್ಟೂ ಕಷ್ಟ.

ಅಂಗಡಿಯಲ್ಲೇ ಮೂರು ವಿಷಯ ನೋಡಿ. ಕಣ್ಣು ಲೆನ್ಸ್‌ನ ನಡುವೆ ಇದೆಯಾ? ಕಡ್ಡಿ ಕಿವಿಯ ಮೇಲೆ ಸರಿಯಾಗಿ ಬಾಗ್ತಿದೆಯಾ, ಹಿಂದಕ್ಕೆ ಚಾಚಿಕೊಂಡಿದೆಯಾ? ತಲೆ ಬಗ್ಗಿಸಿದ್ರೆ ಬೀಳುತ್ತಾ?

ಕಡ್ಡಿಯ ಒಳಗೆ 44-16-125 ಥರ ನಂಬರ್ ಇರುತ್ತೆ: ಲೆನ್ಸ್ ಅಗಲ, ಮೂಗಿನ ಮೇಲಿನ ಅಂತರ, ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರ್‌ನಲ್ಲಿ. ಫೋನಲ್ಲಿ ಒಂದು ಫೋಟೋ ತೆಗೆದಿಟ್ಕೊಳ್ಳಿ, ಮುಂದಿನ ಸಲ ಹೋಲಿಸೋಕೆ ಆಗುತ್ತೆ.

'ಬೆಳೆಯೋ ಮಗು, ದೊಡ್ಡದೇ ಇರಲಿ' ಅನ್ನೋ ಲೆಕ್ಕಾಚಾರ ಸ್ಕೂಲ್ ಯೂನಿಫಾರ್ಮ್‌ಗೆ ಸರಿ, ಕನ್ನಡಕಕ್ಕಲ್ಲ.

ಆಮೇಲೂ ಜಾರ್ತಿದ್ರೆ ಕಿವಿ ಹಿಂದೆ ಸಿಗಿಸೋ ಸಿಲಿಕೋನ್ ಹುಕ್ ಹಾಕಿ, ಓಡಾಡಿ ಆಡೋ ಮಕ್ಕಳಿಗೆ ಹಿಂದಿನಿಂದ ಎಲಾಸ್ಟಿಕ್ ಪಟ್ಟಿ. ಮೂಗಿನ ಮೇಲೆ, ಕಿವಿ ಹಿಂದೆ ಕೆಂಪು ಗುರುತು ಉಳಿದ್ರೆ ಬಿಗಿಯಾಗಿದೆ ಅಂತ. ಮನೇಲಿ ಬಗ್ಗಿಸೋಕೆ ಹೋಗ್ಬೇಡಿ, ಮುರಿಯಬಹುದು. ತಗೊಂಡ ಅಂಗಡಿಗೇ ಹೋಗಿ, ಐದು ನಿಮಿಷದ ಕೆಲಸ.

ಕನ್ನಡಕ ಎರಡೂ ಕೈಯಿಂದ ತೆಗೆಯೋದನ್ನ ಇವತ್ತೇ ಮಗುಗೆ ಹೇಳ್ಕೊಡಿ. ಒಂದೇ ಕೈಯಲ್ಲಿ ಎಳೆದೆಳೆದೇ ಫ್ರೇಮ್ ಸೊಟ್ಟಗಾಗೋದು.