ಕನ್ನಡಕ ಹುಡುಕಿಕೊಟ್ಟ ಕಮಾಂಡೊ

1943ರ ಫೆಬ್ರವರಿ 28. ನಡುರಾತ್ರಿ ಕಳೆದಿದೆ. ದಕ್ಷಿಣ ನಾರ್ವೆಯ ವೆಮೋರ್ಕ್ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಜರ್ಮನ್ನರ ಅಣು ಸಂಶೋಧನೆಗೆ ಬೇಕಾದ ಭಾರಜಲ ತಯಾರಿಸುವ, ಸಾಲಾಗಿ ನಿಂತ ಹದಿನೆಂಟು ಕೋಶಗಳಿಗೆ ಸ್ಫೋಟಕ ಸುತ್ತಿ ಆಗಿದೆ. ಬತ್ತಿಗೆ ಕಡ್ಡಿ ಗೀರುವುದೊಂದೇ ಬಾಕಿ. ಅಷ್ಟರಲ್ಲಿ, ಬಂದೂಕಿನೆದುರು ಕೈಯೆತ್ತಿ ನಿಂತಿದ್ದ ರಾತ್ರಿಪಾಳಿಯ ನೌಕರ ಬಾಯಿಬಿಟ್ಟ. ತನ್ನ ಕನ್ನಡಕ ಇಲ್ಲೇ ಎಲ್ಲೋ ಇದೆ, ಯುದ್ಧದ ದಿನಗಳಲ್ಲಿ ಇನ್ನೊಂದು ಸಿಗುವುದು ಕಷ್ಟ, ಅದನ್ನು ತೆಗೆದುಕೊಳ್ಳಲು ಬಿಡಿ ಎಂದ. ತಂಡದ ನಾಯಕ ಯೋಆಕಿಮ್ ರೊನ್ನೆಬರ್ಗ್ ಅವರಿಗೆ ಆಗ ಇಪ್ಪತ್ತಮೂರು ವರ್ಷ. ಹೊರಗೆ ಜರ್ಮನ್ ಕಾವಲು. ಆದರೂ ಅವರು ತಡಕಾಡಿ ಕನ್ನಡಕದ ಡಬ್ಬಿ ಹುಡುಕಿ ಅವನ ಕೈಗಿತ್ತು, ಮತ್ತೆ ಬತ್ತಿಯ ಕಡೆ ತಿರುಗಿದರು. ಡಬ್ಬಿ ಖಾಲಿ ಎಂದ ಆತ. ಮತ್ತೆ ಹುಡುಕಾಟ. ಕನ್ನಡಕ ಸಿಕ್ಕಿದ್ದು ದಾಖಲೆ ಪುಸ್ತಕದ ಹಾಳೆಗಳ ನಡುವೆ.

ಈ ಮಾತುಕತೆ ನಡೆದದ್ದು ನಾರ್ವೇಜಿಯನ್ ಭಾಷೆಯಲ್ಲಿ. ಬಾಂಬ್ ಇಡುವವನೂ ಕನ್ನಡಕ ಕೇಳಿದವನೂ ಒಂದೇ ನೆಲದವರು. ಬ್ರಿಟನ್ ಮತ್ತು ನಾರ್ವೆ ಜೊತೆಯಾಗಿ ನಡೆಸಿದ ಗುಪ್ತ ಯುದ್ಧದ ಬಗ್ಗೆ ಹಬ್ಬಿರುವ ಅನೇಕ ತಪ್ಪು ಕಲ್ಪನೆಗಳು ಈ ಒಂದು ಸಂಗತಿಯನ್ನು ಮರೆತಿದ್ದರಿಂದಲೇ ಹುಟ್ಟಿದವು.

ಕಲ್ಪನೆ: ಅದು ಬ್ರಿಟಿಷ್ ಕಮಾಂಡೊಗಳ ಸಾಹಸ, ನಾರ್ವೆಯವರು ದಾರಿ ತೋರಿಸಿದರು

ಬ್ರಿಟಿಷ್ ಕಮಾಂಡೊಗಳು ಇದೇ ಕಾರ್ಖಾನೆಗೆ ಹೊರಟಿದ್ದುಂಟು. ಮೂರು ತಿಂಗಳು ಮೊದಲು, 1942ರ ನವೆಂಬರ್ 19ರಂದು, ಎರಡು ಗ್ಲೈಡರ್‌ಗಳಲ್ಲಿ ರಾಯಲ್ ಎಂಜಿನಿಯರ್ಸ್ ದಳದ ಸೈನಿಕರನ್ನು ತುಂಬಿ ಕಳುಹಿಸಲಾಯಿತು. 'ಫ್ರೆಶ್‌ಮನ್' ಎಂಬುದು ಕಾರ್ಯಾಚರಣೆಯ ಹೆಸರು. ಕೆಟ್ಟ ಹವೆ, ಹಿಮ ಕಟ್ಟಿದ ಹಗ್ಗ. ಎರಡು ಗ್ಲೈಡರ್‌ಗಳೂ ನೆಲಕ್ಕಪ್ಪಳಿಸಿದವು, ಅವುಗಳಲ್ಲೊಂದನ್ನು ಎಳೆದೊಯ್ಯುತ್ತಿದ್ದ ವಿಮಾನವೂ ಬೆಟ್ಟಕ್ಕೆ ಬಡಿಯಿತು. ಬದುಕಿ ಉಳಿದವರನ್ನು ಜರ್ಮನ್ನರು ಹಿಡಿದು ಕೊಂದರು, ಏಕೆಂದರೆ ಸೆರೆಸಿಕ್ಕ ಕಮಾಂಡೊಗಳನ್ನು ಮುಗಿಸಬೇಕೆಂದು ಹಿಟ್ಲರ್ ಆದೇಶ ಹೊರಡಿಸಿ ಒಂದು ತಿಂಗಳಾಗಿತ್ತು. ಒಟ್ಟು 41 ಜನ ಸತ್ತರು. ಒಂದು ವೇಳೆ ಅವರು ಸುರಕ್ಷಿತವಾಗಿ ಇಳಿದು ಕೆಲಸ ಮುಗಿಸಿದ್ದರೂ ನೂರಾರು ಕಿಲೋಮೀಟರ್ ಹಿಮ ದಾಟಿ ಸ್ವೀಡನ್ ತಲುಪಬೇಕಿತ್ತು. ಸ್ಕೀ ಬಾರದ, ನಾಡಿನ ಭಾಷೆ ಬಾರದ ಹುಡುಗರು.

ಇದಾದ ಮೇಲೆ ಕೆಲಸ ನಾರ್ವೆಯವರ ಕೈಗೆ ಬಂತು. ಹಾರ್ಡಾಂಗರ್ ಪ್ರಸ್ಥಭೂಮಿಯಲ್ಲಿ ಅಕ್ಟೋಬರ್‌ನಿಂದಲೇ ನಾಲ್ವರು ಅಡಗಿದ್ದರು. ಅವರಲ್ಲಿ ಯೆನ್ಸ್-ಆಂಟನ್ ಪೌಲ್ಸನ್ ಮತ್ತು ಕ್ಲಾಸ್ ಹೆಲ್‌ಬರ್ಗ್ ಕಾರ್ಖಾನೆಯ ಪಕ್ಕದ ಊರಾದ ರ್ಯೂಕನ್‌ನವರೇ. ಚಳಿಗಾಲದಲ್ಲಿ ದಿನಸಿ ಮುಗಿದು ಬಂಡೆಯ ಮೇಲಿನ ಕಲ್ಲುಹೂವು ಬೇಯಿಸಿ ತಿಂದರು. ಕ್ರಿಸ್‌ಮಸ್ ಹೊತ್ತಿಗೆ ಒಂದು ಹಿಮಸಾರಂಗ ಸಿಕ್ಕಿತು. ಅದರ ಹೊಟ್ಟೆಯಲ್ಲಿ ಅರ್ಧ ಅರಗಿದ್ದ ಸೊಪ್ಪನ್ನೂ ಬಿಡಲಿಲ್ಲ. ಹಸಿರೆಂದು ಸಿಗುತ್ತಿದ್ದದ್ದು ಅದೊಂದೇ.

ಈ ನಾಲ್ವರಿಗೂ ಮೊದಲೇ ಬಂದಿಳಿದಿದ್ದ ಐನಾರ್ ಸ್ಕಿನ್ನರ್‌ಲ್ಯಾಂಡ್ ಅವರ ಕಥೆ ನನಗೆ ಇನ್ನೂ ಇಷ್ಟ. ಆ ಸೀಮೆಯವರೇ ಆದ ಅವರು 1942ರ ಮಾರ್ಚ್‌ನಲ್ಲಿ ರಜೆಯ ನೆಪ ಹೇಳಿ ಹೊರಟು, ಗೆಳೆಯರೊಂದಿಗೆ ಒಂದು ಉಗಿಹಡಗನ್ನೇ ಅಪಹರಿಸಿ ಬ್ರಿಟನ್ ಸೇರಿದರು. ಅಲ್ಲಿ ಅವಸರದ ತರಬೇತಿ. ಅದೇ ತಿಂಗಳ ಕೊನೆಗೆ ಪ್ಯಾರಾಶೂಟ್‌ನಲ್ಲಿ ಊರಿಗೆ ಮರಳಿ, ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ಹಾಜರಾದರು.

ಹಾಗಾದರೆ ಬ್ರಿಟಿಷರ ಪಾಲೇನು? ಕಡಿಮೆಯೇನಲ್ಲ. ವಿಮಾನ, ಸ್ಫೋಟಕ, ರೇಡಿಯೊ, ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ತರಬೇತಿ, ಹಣ ಎಲ್ಲವೂ 1940ರಲ್ಲಿ ಹುಟ್ಟಿದ ಎಸ್‌ಒಇ ಎಂಬ ಗುಪ್ತ ಸಂಸ್ಥೆಯದು. ಕಾರ್ಖಾನೆಯ ಒಳಗಿನ ನಕ್ಷೆ ಮಾತ್ರ ನಾರ್ವೆಯ ತಲೆಗಳಲ್ಲಿತ್ತು. ಆ ಘಟಕವನ್ನು ಕಟ್ಟಲು ನೆರವಾಗಿದ್ದ ಪ್ರೊಫೆಸರ್ ಲೈಫ್ ಟ್ರಾನ್‌ಸ್ಟಾ ಲಂಡನ್‌ನಲ್ಲಿ ಕುಳಿತು ಯೋಜನೆ ಹೆಣೆದರು. ಗೇಟಿನ ಸರಪಳಿ ಕತ್ತರಿಸಿದ ಕತ್ತರಿಯೂ ಸೇನೆಯ ಉಗ್ರಾಣದ್ದಲ್ಲ, ರೊನ್ನೆಬರ್ಗ್ ಅವರು ಕೇಂಬ್ರಿಜ್‌ನ ಅಂಗಡಿಯೊಂದರಲ್ಲಿ ಕಂಡು ಕೊಂಡದ್ದು.

ಫೆಬ್ರವರಿಯ ಆ ರಾತ್ರಿ, ರೊನ್ನೆಬರ್ಗ್ ತಂಡದವರೂ ಬೆಟ್ಟದಲ್ಲಿ ಅಡಗಿದ್ದ ಕೆಲವರೂ ಸೇರಿ ಒಂಬತ್ತು ಜನ ಕಮರಿಗಿಳಿದು, ನದಿ ದಾಟಿ, ಎದುರು ದಡ ಹತ್ತಿ, ರೈಲುಹಳಿಯ ಗುಂಟ ಒಳಹೊಕ್ಕರು. ಎರಡು ನಿಮಿಷದ ಬತ್ತಿಯ ಬದಲು ರೊನ್ನೆಬರ್ಗ್ ಅರ್ಧ ನಿಮಿಷದ್ದನ್ನು ಬಳಸಿದರು, ಸದ್ದು ಕಿವಿಗೆ ಬಿದ್ದ ಮೇಲೇ ಹೊರಡಬೇಕೆಂಬ ಹಟಕ್ಕೆ. ಸುಮಾರು 500 ಕಿಲೊ ಭಾರಜಲ ನೆಲದ ಮೋರಿಯಲ್ಲಿ ಹರಿದುಹೋಯಿತು. ಒಂದು ಗುಂಡೂ ಹಾರಲಿಲ್ಲ.

ಇನ್ನು ಈ ಕಲ್ಪನೆಯ ಬೇರಿಗೆ ಬರೋಣ. ದಾಳಿ ಮಾಡಿದವರು ತೊಟ್ಟಿದ್ದು ಬ್ರಿಟಿಷ್ ಸಮವಸ್ತ್ರ. ಹೊರಡುವಾಗ ಒಂದು ಟಾಮಿ ಗನ್ನನ್ನು ಬೇಕೆಂದೇ ಅಲ್ಲಿ ಬಿಟ್ಟು ಬಂದರು. ಇದು ಹೊರಗಿನ ಸೈನ್ಯದ ಕೆಲಸ, ಊರವರದ್ದಲ್ಲ ಎಂದು ಜರ್ಮನ್ನರು ನಂಬಲಿ, ರ್ಯೂಕನ್‌ನ ಮನೆಗಳ ಮೇಲೆ ಸೇಡು ತೀರಿಸಿಕೊಳ್ಳದಿರಲಿ ಎಂಬ ಎಚ್ಚರ ಅದು. ಉಪಾಯ ಫಲಿಸಿತು, ಊರಿನಲ್ಲಿ ಸಾಮೂಹಿಕ ಮರಣದಂಡನೆ ನಡೆಯಲಿಲ್ಲ. 'ಬ್ರಿಟಿಷರೇ ಮಾಡಿದ್ದು' ಎಂಬ ಮಾತನ್ನು ಮೊದಲು ಬಿತ್ತಿದವರು ಹೀಗೆ ಸ್ವತಃ ನಾರ್ವೆಯವರೇ. ಬೆಳೆ ಇಷ್ಟು ಕಾಲ ನಿಲ್ಲುತ್ತದೆಂದು ಅವರೂ ಎಣಿಸಿರಲಿಕ್ಕಿಲ್ಲ.

ಕಲ್ಪನೆ: ಮಿತ್ರರು ಹಾಲು-ಸಕ್ಕರೆಯಂತೆ ಇದ್ದರು

ಶುರುವಿನಲ್ಲಿ ಹಾಗಿರಲಿಲ್ಲ, ಮುನಿಸೇ ಹೆಚ್ಚು. ದೇಶ ಜರ್ಮನ್ನರ ವಶವಾದಾಗ, 1940ರ ಜೂನ್‌ನಲ್ಲಿ ನಾರ್ವೆಯ ರಾಜ ಮತ್ತು ಸರ್ಕಾರ ಲಂಡನ್ ಸೇರಿದರು. ಆದರೆ ಎಸ್‌ಒಇ ನಾರ್ವೆಯ ಯುವಕರನ್ನು ತಾನೇ ಆರಿಸಿ, ತಾನೇ ತರಬೇತಿ ಕೊಟ್ಟು, ಅವರ ಸರ್ಕಾರಕ್ಕೆ ಸರಿಯಾಗಿ ಹೇಳದೆಯೇ ಕಳುಹಿಸುತ್ತಿತ್ತು. ಆ ಯುವಕರ ಪಡೆಯ ನಾಯಕ ಮಾರ್ಟಿನ್ ಲಿಂಗೆ, ಯುದ್ಧಕ್ಕೆ ಮೊದಲು ರಂಗನಟ. 1941ರ ಡಿಸೆಂಬರ್ 27ರಂದು ಮೋಲೊಯ್ ದ್ವೀಪದ ಮೇಲಿನ ಬ್ರಿಟಿಷ್ ದಾಳಿಯಲ್ಲಿ ಅವರು ಗುಂಡಿಗೆ ಬಲಿಯಾದರು. ಅದೇ ವಾರ ಉತ್ತರದ ಲೊಫೋಟೆನ್‌ನಲ್ಲಿ ಇಳಿದ ಇನ್ನೊಂದು ಪಡೆಯನ್ನು ಕಂಡು, ಬಿಡುಗಡೆಯೇ ಬಂತೆಂದು ಜನ ಸಂಭ್ರಮಿಸಿದರು. ಎರಡೇ ದಿನಕ್ಕೆ ಪಡೆ ಹಡಗು ಹತ್ತಿ ಹೊರಟುಬಿಟ್ಟಿತು. ಸ್ವಾಗತಿಸಿದವರು ಜರ್ಮನ್ನರ ಕೈಗೆ ಉಳಿದರು. ಲಿಂಗೆಯ ಹುಡುಗರು ಕುದಿದುಹೋದರು. ತಮ್ಮ ಸರ್ಕಾರಕ್ಕೆ ಗೊತ್ತಿಲ್ಲದ ಕಾರ್ಯಾಚರಣೆಗೆ ಇನ್ನು ಬರುವುದಿಲ್ಲ ಎನ್ನುವವರೆಗೂ ಮಾತು ಹೋಯಿತು.

ಈ ಜಗಳದ ಫಲವೇ 1942ರ ಫೆಬ್ರವರಿಯಲ್ಲಿ ಹುಟ್ಟಿದ ಆಂಗ್ಲೋ-ನಾರ್ವೇಜಿಯನ್ ಸಹಯೋಗ ಸಮಿತಿ. ಇಬ್ಬರೂ ಒಂದೇ ಮೇಜಿಗೆ ಕುಳಿತು ಮುಂದಿನ ಹೆಜ್ಜೆ ನಿರ್ಧರಿಸುವ ಏರ್ಪಾಡು. ಎಸ್‌ಒಇಯ ನಾರ್ವೆ ವಿಭಾಗ ಆಗ ತಾನೇ ಕರ್ನಲ್ ಜಾನ್ ಸ್ಕಿನ್ನರ್ ವಿಲ್ಸನ್ ಅವರ ಕೈಗೆ ಬಂದಿತ್ತು. ಸ್ಕೌಟ್ ಚಳವಳಿಯ ದೊಡ್ಡ ಹೆಸರು, ಅದಕ್ಕೂ ಮೊದಲು ಕಲ್ಕತ್ತಾ ಪೊಲೀಸ್ ಅಧಿಕಾರಿ. ಬಂಗಾಳದಲ್ಲಿ ಬಾಂಬ್ ಕಟ್ಟುವ ಹುಡುಗರನ್ನು ಹುಡುಕುತ್ತಿದ್ದ ಇಲಾಖೆಯಿಂದ ಬಂದವರು, ನಾರ್ವೆಯ ಹುಡುಗರ ಕೈಗೆ ಬಾಂಬ್ ಕೊಡುವ ಕುರ್ಚಿಯಲ್ಲಿ ಕುಳಿತರು! ನಮ್ಮ ಕಡೆಯಿಂದ ನೋಡುವವರಿಗೆ ಇದು ನಗು ತರಿಸಬಹುದು. ಆದರೆ ನಾರ್ವೆಯವರೊಂದಿಗೆ ಅವರ ಒಡನಾಟ ಚೆನ್ನಾಗಿತ್ತು.

ದೇಶದೊಳಗೂ ಎರಡು ಮನಸ್ಸು. 'ಮಿಲೋರ್ಗ್' ಎಂಬ ಸ್ವದೇಶಿ ಭೂಗತ ಸೇನೆಗೆ ಸದ್ದಿಲ್ಲದೆ ಬೆಳೆದು, ಬಿಡುಗಡೆಯ ದಿನಕ್ಕೆ ಸಿದ್ಧವಾಗಿರುವುದು ಬೇಕಿತ್ತು. ಎಸ್‌ಒಇಗೆ ಈಗಲೇ ಸದ್ದು ಬೇಕಿತ್ತು. ಮತ್ತೊಂದು ಬ್ರಿಟಿಷ್ ಸಂಸ್ಥೆಯಾದ ಎಂಐ6, ಕರಾವಳಿಯಲ್ಲಿ ಜರ್ಮನ್ ಹಡಗುಗಳ ಚಲನವಲನ ವರದಿ ಮಾಡುವ ಗುಟ್ಟಿನ ರೇಡಿಯೊಗಳನ್ನಿಟ್ಟಿತ್ತು. ಪಕ್ಕದಲ್ಲೇ ಎಸ್‌ಒಇ ಏನನ್ನಾದರೂ ಸಿಡಿಸಿದರೆ ಗೆಸ್ಟಾಪೊ ಇಡೀ ಸೀಮೆಯನ್ನು ಜಾಲಾಡುತ್ತಿತ್ತು. ಒಂದೇ ದೇಶದ ಎರಡು ಸಂಸ್ಥೆಗಳು ಪರಸ್ಪರ ಮುಖ ಸಿಂಡರಿಸಿಕೊಂಡಿದ್ದವು.

ಮಿಲೋರ್ಗ್‌ನ ಭಯ ಎಂಥದ್ದೆಂದು ತಿಳಿಯಲು ಬರ್ಗೆನ್ ಬಳಿಯ ತೆಲವಾಗ್ ಎಂಬ ಮೀನುಗಾರರ ಹಳ್ಳಿಯ ಗತಿ ಸಾಕು. 1942ರ ಏಪ್ರಿಲ್ 26ರಂದು ಅಲ್ಲಿ ಅಡಗಿದ್ದ ಇಬ್ಬರು ಏಜೆಂಟರನ್ನು ಹಿಡಿಯಲು ಬಂದ ಇಬ್ಬರು ಗೆಸ್ಟಾಪೊ ಅಧಿಕಾರಿಗಳು ಗುಂಡಿನ ಚಕಮಕಿಯಲ್ಲಿ ಸತ್ತರು. ನಾಲ್ಕು ದಿನದ ನಂತರ, ಹಿಟ್ಲರ್ ನೇಮಿಸಿದ್ದ ಆಡಳಿತಗಾರ ತೆರ್ಬೋವನ್‌ನ ಸಮ್ಮುಖದಲ್ಲೇ ಹಳ್ಳಿಯ ಮನೆಗಳನ್ನೆಲ್ಲ ನೆಲಸಮ ಮಾಡಿದರು, ದೋಣಿಗಳನ್ನು ಮುಳುಗಿಸಿದರು ಇಲ್ಲವೇ ಎಳೆದೊಯ್ದರು. 72 ಗಂಡಸರು ಸಾಕ್ಸೆನ್‌ಹೌಸನ್ ಶಿಬಿರಕ್ಕೆ ಹೋದರು. 31 ಜನ ಅಲ್ಲೇ ಸತ್ತರು. ತೆಲವಾಗ್‌ನ ಘಟನೆಗೆ ಸಂಬಂಧವೇ ಇಲ್ಲದ 18 ಕೈದಿಗಳನ್ನು ಬೇರೆಡೆ ಗುಂಡಿಕ್ಕಿ ಕೊಂದರು. ಮಿಲೋರ್ಗ್‌ನವರನ್ನು ಅಂಜುಬುರುಕರೆಂದು ಲಂಡನ್ನಿನ ಬೆಚ್ಚನೆಯ ಕೋಣೆಯಿಂದ ಜರೆಯುವುದು ಸುಲಭವಿತ್ತು.

'ಶೆಟ್ಲೆಂಡ್ ಬಸ್' ನೌಕಾಪಡೆಯ ಸೇವೆಯೇ?

ಬಸ್ಸೂ ಅಲ್ಲ, ಮೊದಮೊದಲು ಯುದ್ಧನೌಕೆಯೂ ಅಲ್ಲ. ಬ್ರಿಟನ್ನಿನ ಉತ್ತರ ತುದಿಯ ಶೆಟ್ಲೆಂಡ್ ದ್ವೀಪಗಳಿಂದ ನಾರ್ವೆಗೆ ಏಜೆಂಟರನ್ನೂ ಆಯುಧಗಳನ್ನೂ ಸಾಗಿಸಿ, ತಲೆಮರೆಸಿಕೊಂಡವರನ್ನು ಕರೆತರುತ್ತಿದ್ದದ್ದು ನಾರ್ವೆಯ ಮೀನುದೋಣಿಗಳು, ನಡೆಸುತ್ತಿದ್ದವರು ನಾರ್ವೆಯ ಮೀನುಗಾರರು ಮತ್ತು ನಾವಿಕರು. ಬೇಸಿಗೆಯಲ್ಲಿ ಅಲ್ಲಿ ಸರಿಯಾಗಿ ಕತ್ತಲಾಗುವುದಿಲ್ಲ, ಹಾಗಾಗಿ ಪ್ರಯಾಣವೆಲ್ಲ ಚಳಿಗಾಲದ ಬಿರುಗಾಳಿಯಲ್ಲೇ. ಮೇಲಿಂದ ನೋಡಿದರೆ ಡೆಕ್ಕಿನ ಮೇಲೆ ಎಣ್ಣೆಪೀಪಾಯಿ, ಅದರೊಳಗೆ ಕಾಂಕ್ರೀಟ್ ಗೋಡೆ, ನಡುವೆ ಮೆಷಿನ್‌ಗನ್. ಒಟ್ಟು 44 ಜನ ಪ್ರಾಣ ಕಳೆದುಕೊಂಡರು. 1943ರ ಕೊನೆಗೆ ಅಮೆರಿಕ ಮೂರು ವೇಗದ ಹಡಗುಗಳನ್ನು ಕೊಟ್ಟ ಮೇಲೆ ನೂರಕ್ಕೂ ಹೆಚ್ಚು ಪ್ರಯಾಣಗಳು ಜೀವಹಾನಿ ಇಲ್ಲದೆ ನಡೆದವು.

ಕಲ್ಪನೆ: ಈ ದಾಳಿಯಿಂದ ಹಿಟ್ಲರನ ಅಣುಬಾಂಬ್ ತಪ್ಪಿತು

ಭಾರಜಲವೆಂದರೆ ಸಿಡಿಯುವ ದ್ರವವಲ್ಲ. ನಮ್ಮ ಉತ್ತರ ಕನ್ನಡದ ಕೈಗಾ ಸ್ಥಾವರದ ರಿಯಾಕ್ಟರುಗಳಲ್ಲೂ ಅದೇ ಇರುವುದು. ಸಾಮಾನ್ಯ ಹೈಡ್ರೋಜನ್ ಬದಲು ಅದರ ತೂಕದ ಸೋದರ ಡ್ಯೂಟೀರಿಯಂ ಸೇರಿರುವ ನೀರು ಅದು. ನ್ಯೂಟ್ರಾನ್‌ಗಳ ಓಟವನ್ನು ನಿಧಾನಗೊಳಿಸಿ ಸರಣಿಕ್ರಿಯೆ ನಡೆಯಲು ಬಿಡುತ್ತದೆ. ಆ ಕೆಲಸಕ್ಕೆ ಗ್ರಾಫೈಟ್ ಆಗದೆಂದು ಜರ್ಮನ್ ವಿಜ್ಞಾನಿಗಳು ತಪ್ಪು ಅಳತೆಯಿಂದ ತೀರ್ಮಾನಿಸಿದ್ದರು. ಹಾಗಾಗಿ ಅವರಿಗೆ ವೆಮೋರ್ಕ್ ಬೇಕೇಬೇಕಾಯಿತು.

ಆದರೆ 1942ರ ಬೇಸಿಗೆಯ ಹೊತ್ತಿಗೇ ಜರ್ಮನಿ ಬಾಂಬ್ ತಯಾರಿಯನ್ನು ದೊಡ್ಡ ಕೈಗಾರಿಕೆಯಾಗಿ ನಡೆಸುವ ಯೋಚನೆ ಕೈಬಿಟ್ಟಿತ್ತು, ಉಳಿದದ್ದು ರಿಯಾಕ್ಟರ್ ಸಂಶೋಧನೆ. ವೆಮೋರ್ಕ್ ದಾಳಿ ಅದಕ್ಕೂ ತಿಂಗಳುಗಳ ನಂತರದ್ದು. ದಾಳಿಯಿಂದ ಬಾಂಬ್ ನಿಂತಿತು ಎನ್ನುವುದಕ್ಕಿಂತ, ಮೊದಲೇ ಕುಂಟುತ್ತಿದ್ದ ರಿಯಾಕ್ಟರ್ ಕೆಲಸ ಇನ್ನಷ್ಟು ಹಿಂದೆ ಬಿತ್ತು ಎನ್ನುವುದು ಸರಿ. ಹಾಗೆಂದು ದಾಳಿ ವ್ಯರ್ಥವೆನ್ನುವವರ ಜೊತೆಗೂ ನಾನಿಲ್ಲ. ಬರ್ಲಿನ್ನಿನ ತೀರ್ಮಾನ ಲಂಡನ್ನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಕೆಟ್ಟದ್ದನ್ನೇ ಊಹಿಸಿ ಹೊರಡಬೇಕಿತ್ತು.

ಕಲ್ಪನೆ: ರಕ್ತ ಹರಿಯದ ಗೆಲುವು

ಆ ಒಂದು ರಾತ್ರಿಯ ಮಟ್ಟಿಗೆ ನಿಜ, ಕಥೆಯನ್ನು ಅಲ್ಲಿಗೇ ನಿಲ್ಲಿಸಿದರೆ. ಕೆಲವೇ ತಿಂಗಳಲ್ಲಿ ಘಟಕ ಮತ್ತೆ ಶುರುವಾಯಿತು. 1943ರ ನವೆಂಬರ್ 16ರಂದು ಅಮೆರಿಕದ ನೂರಕ್ಕೂ ಹೆಚ್ಚು ಬಾಂಬರ್‌ಗಳು ಬಂದು ನೂರಾರು ಬಾಂಬ್ ಸುರಿದವು. ನೆಲಮಾಳಿಗೆಯಲ್ಲಿದ್ದ ಭಾರಜಲಕ್ಕೆ ಏನೂ ಆಗಲಿಲ್ಲ, ಇಪ್ಪತ್ತಕ್ಕೂ ಹೆಚ್ಚು ನಾಗರಿಕರು ಸತ್ತರು. ಲಂಡನ್ನಿನಲ್ಲಿದ್ದ ನಾರ್ವೆ ಸರ್ಕಾರ ತನ್ನ ಮಿತ್ರರಿಗೇ ಪ್ರತಿಭಟನೆ ಸಲ್ಲಿಸಿತು.

ಇನ್ನು ಇಲ್ಲಿ ಇರುವುದು ಬೇಡವೆಂದು ಜರ್ಮನ್ನರು ಉಳಿದ ಭಾರಜಲವನ್ನು ತಮ್ಮ ದೇಶಕ್ಕೆ ಸಾಗಿಸಲು ನಿರ್ಧರಿಸಿದರು. ಪೀಪಾಯಿಗಳು ರೈಲಿನಲ್ಲಿ ಬಂದು, ಟಿನ್ ಸರೋವರವನ್ನು 'ಹೈಡ್ರೊ' ಎಂಬ ಪ್ರಯಾಣಿಕರ ದೋಣಿಯ ಮೇಲೆ ದಾಟಬೇಕಿತ್ತು. ಮೊದಲ ದಾಳಿಯ ತಂಡದಲ್ಲಿದ್ದು ಬೆಟ್ಟದಲ್ಲೇ ಉಳಿದಿದ್ದ ಕ್ನುಟ್ ಹಾಕೆಲೀಡ್ ಅವರಿಗೆ ಅದನ್ನು ಮುಳುಗಿಸುವ ಕೆಲಸ ಬಂತು. ಇದಕ್ಕಾಗಿ ನಮ್ಮವರೇ ಸಾಯುವುದು ಸರಿಯೇ ಎಂದು ಅಲ್ಲಿಂದ ರೇಡಿಯೊದಲ್ಲಿ ಕೇಳಿದರು. ಅದು ಬಹಳ ಮುಖ್ಯವೆಂದೇ ಲಂಡನ್ನಿನಿಂದ ಉತ್ತರ ಬಂತು. ಜನ ಕಡಿಮೆ ಇರುವ ಭಾನುವಾರದ ದೋಣಿಯನ್ನು ಆರಿಸಿಕೊಂಡರು. ಎಚ್ಚರಿಸುವಂತಿರಲಿಲ್ಲ.

ಹಿಂದಿನ ರಾತ್ರಿ ಹಾಕೆಲೀಡ್ ಮತ್ತು ಜೊತೆಗಾರರು ದೋಣಿಯ ತಳಕ್ಕಿಳಿದು, ಅಲಾರಂ ಗಡಿಯಾರಗಳಿಂದ ಮಾಡಿದ ಟೈಮರ್‌ಗೆ ಸ್ಫೋಟಕ ಜೋಡಿಸಿಟ್ಟರು. ಎದುರಾದ ಕಾವಲುಗಾರನಿಗೆ ಗೆಸ್ಟಾಪೊದಿಂದ ತಪ್ಪಿಸಿಕೊಳ್ಳುತ್ತಿದ್ದೇವೆ ಎಂದರು. ಅವನು ನಂಬಿದ, ಅಡಗಲು ಬಿಟ್ಟ. ಹೊರಡುವಾಗ ಹಾಕೆಲೀಡ್ ಅವನ ಕೈ ಕುಲುಕಿದರು.

ಕಾರ್ಖಾನೆಯ ಒಬ್ಬ ಎಂಜಿನಿಯರ್, ತನ್ನ ಮೇಲೆ ಗುಮಾನಿ ಬಾರದಿರಲೆಂದು ಆ ವಾರಾಂತ್ಯಕ್ಕೇ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಿದ. ಇನ್ನೊಬ್ಬ ನೌಕರನ ತಾಯಿ ಅದೇ ಭಾನುವಾರ ಅದೇ ದೋಣಿಯಲ್ಲಿ ಹೊರಡುವವಳಿದ್ದಳು. ಬೇಡವೆಂದರೆ ಏಕೆಂದು ಹೇಳಬೇಕಾಗುತ್ತಿತ್ತು. ಮಗ ಅವಳ ಊಟದಲ್ಲಿ ಭೇದಿಯ ಔಷಧ ಬೆರೆಸಿದ. ಅವಳಿಗೆ ಹಾಸಿಗೆ ಬಿಟ್ಟೇಳಲಾಗಲಿಲ್ಲ.

1944ರ ಫೆಬ್ರವರಿ 20ರ ಬೆಳಿಗ್ಗೆ, ಸರೋವರ ಅತಿ ಆಳವಾಗಿರುವ ಕಡೆ ದೋಣಿ ಮುಳುಗಿತು. ದಡದ ರೈತರು ಹುಟ್ಟುದೋಣಿ ಹಾಕಿ ಕೈಗೆ ಸಿಕ್ಕವರನ್ನೆಲ್ಲ ಎತ್ತಿಕೊಂಡರು. ಸತ್ತ 18 ಜನರಲ್ಲಿ 14 ಜನ ನಾರ್ವೆಯವರು.