ಬ್ರೆಡ್ ಕತ್ತರಿಸುವ ಯಂತ್ರ: ಎಣ್ಣೆ, ಗ್ರೀಸ್ ಮತ್ತು ನಿರ್ವಹಣೆ

ಬೇಕರಿಯ ಮಾಲೀಕರು ಭಟ್ಟಿಯ ಕಾವನ್ನು ದಿನವೂ ವಿಚಾರಿಸುತ್ತಾರೆ. ಮೈದಾದ ಗುಣವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುತ್ತಾರೆ. ಮೂಲೆಯಲ್ಲಿರುವ ಬ್ರೆಡ್ ಕತ್ತರಿಸುವ ಯಂತ್ರವನ್ನು ಮಾತ್ರ ಅದು ಕಿರುಗುಟ್ಟಿದ ದಿನವಷ್ಟೇ ನೆನೆಯುತ್ತಾರೆ. ಅಂದು ಕೈಗೆ ಸಿಕ್ಕ ಎಣ್ಣೆಯನ್ನು ನಾಲ್ಕು ಕಡೆ ಹನಿಸಿ ಕೆಲಸ ಮುಂದುವರಿಸುವುದು ಅನೇಕ ಕಡೆ ಕಂಡುಬರುವ ರೂಢಿ. ಆದರೆ ಪೊಟ್ಟಣ ಸೇರುವ ಮುನ್ನ ಬ್ರೆಡ್ಡನ್ನು ಮುಟ್ಟುವ ಕೊನೆಯ ಯಂತ್ರ ಇದೇ. ಇಲ್ಲಿ ಸೇರಿದ ಕೊಳೆಯನ್ನು ಕಳೆಯಲು ಮುಂದೆ ಬೆಂಕಿಯೂ ಇಲ್ಲ, ಜರಡಿಯೂ ಇಲ್ಲ. ಆದ್ದರಿಂದ ಈ ಯಂತ್ರಕ್ಕೆ ಹಾಕುವ ಎಣ್ಣೆಯನ್ನು ಬ್ರೆಡ್ಡಿಗೆ ಬೆರೆಸುವ ಪದಾರ್ಥದಷ್ಟೇ ಎಚ್ಚರಿಕೆಯಿಂದ ಆರಿಸತಕ್ಕದ್ದು.

ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ಭಾಗದ ಉದ್ದಿಮೆದಾರರಿಗೆ ಈ ವಿಷಯ ಇನ್ನಷ್ಟು ಮುಖ್ಯ. ಕಾಳಿ ನದಿಯ ದಂಡೆಯ ವಸತಿಗೃಹಗಳು ಮತ್ತು ಹೋಂಸ್ಟೇಗಳು ಬೆಳಗಿನ ಉಪಾಹಾರಕ್ಕೆ ಕತ್ತರಿಸಿದ ಬ್ರೆಡ್ಡನ್ನು ನೆಚ್ಚಿಕೊಂಡಿವೆ. ಯಂತ್ರ ಕೆಟ್ಟಾಗ ಬಿಡಿಭಾಗಕ್ಕೋ ಅನುಭವಿ ಮೆಕ್ಯಾನಿಕ್‌ಗೋ ಧಾರವಾಡ, ಹುಬ್ಬಳ್ಳಿ ಅಥವಾ ಬೆಳಗಾವಿಯತ್ತ ನೋಡಬೇಕಾಗುತ್ತದೆ. ಅಷ್ಟರಲ್ಲಿ ಒಪ್ಪಿಕೊಂಡ ಪೂರೈಕೆ ತಪ್ಪುತ್ತದೆ. ತಪ್ಪಿದ ಗಿರಾಕಿ ಮರಳಿ ಬರುವುದು ಸುಲಭವಲ್ಲ.

ಯಂತ್ರದ ರಚನೆ

ಕತ್ತರಿಸಿದ ಬ್ರೆಡ್ಡಿನ ವ್ಯಾಪಾರಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ. ಅಮೆರಿಕದ ಆಟೊ ಫ್ರೆಡರಿಕ್ ರೋವೆಡರ್ ರೂಪಿಸಿದ ಯಂತ್ರದಿಂದ ಕತ್ತರಿಸಿದ ಬ್ರೆಡ್ 1928ರ ಜುಲೈ 7ರಂದು ಮಿಸೌರಿ ರಾಜ್ಯದ ಚಿಲಿಕಾತಿ ಪಟ್ಟಣದಲ್ಲಿ ಮೊದಲ ಬಾರಿಗೆ ಮಾರಾಟಕ್ಕೆ ಬಂದಿತು. ಇಂದು ಸಣ್ಣ ಮತ್ತು ಮಧ್ಯಮ ಬೇಕರಿಗಳಲ್ಲಿ ಸಾಮಾನ್ಯವಾಗಿರುವ ಯಂತ್ರದಲ್ಲಿ ಎರಡು ಚೌಕಟ್ಟುಗಳಿರುತ್ತವೆ. ಅವುಗಳಲ್ಲಿ ಬ್ಲೇಡುಗಳನ್ನು ಸಮಾನ ಅಂತರದಲ್ಲಿ ಬಿಗಿದಿರುತ್ತಾರೆ. ಮೋಟಾರು ಬೆಲ್ಟಿನ ಮೂಲಕ ಒಂದು ಶಾಫ್ಟನ್ನು ತಿರುಗಿಸುತ್ತದೆ. ಆ ಶಾಫ್ಟಿಗೆ ಜೋಡಿಸಿದ ಕನೆಕ್ಟಿಂಗ್ ರಾಡುಗಳು ಒಂದು ಚೌಕಟ್ಟನ್ನು ಮೇಲಕ್ಕೆ ಎಳೆದಾಗ ಇನ್ನೊಂದನ್ನು ಕೆಳಕ್ಕೆ ತಳ್ಳುತ್ತವೆ.

ಶಾಫ್ಟಿನ ಪ್ರತಿ ಸುತ್ತಿಗೂ ಚೌಕಟ್ಟು ಎರಡು ಬಾರಿ ದಿಕ್ಕು ಬದಲಿಸುತ್ತದೆ. ದಿಕ್ಕು ಬದಲಾಗುವ ಕ್ಷಣದಲ್ಲಿ ವೇಗ ಶೂನ್ಯಕ್ಕೆ ಇಳಿದು ಲೋಹಗಳ ನಡುವಿನ ಎಣ್ಣೆಯ ಪದರ ತೆಳುವಾಗುತ್ತದೆ. ಸವೆತ ಹೆಚ್ಚಾಗಿ ಆಗುವುದು ಇಲ್ಲಿಯೇ. ಇದರ ಮೇಲೆ ಬ್ರೆಡ್ಡಿನ ಪುಡಿ ಬಂದು ಕೂರುತ್ತದೆ. ಪುಡಿ ಎಣ್ಣೆಯನ್ನು ಹೀರಿ, ಉಳಿದದ್ದನ್ನು ಅಂಟಾಗಿಸಿ, ಚೌಕಟ್ಟಿನ ಓಡಾಟವನ್ನು ಭಾರಗೊಳಿಸುತ್ತದೆ. ಒಣಗಿದ ಯಂತ್ರಕ್ಕೂ ಕೊಳೆಯಾದ ಯಂತ್ರಕ್ಕೂ ಶಬ್ದ ಒಂದೇ ಬಗೆಯದು. ಹೀಗಾಗಿ ಶಬ್ದ ಕೇಳಿದಾಗ ಮೊದಲು ಕುಂಚ ಹಿಡಿಯಬೇಕು, ಎಣ್ಣೆಯ ಡಬ್ಬಿ ಆಮೇಲೆ.

ಎಂಥ ಎಣ್ಣೆ?

ಆಹಾರ ಯಂತ್ರಗಳ ಎಣ್ಣೆ ಮತ್ತು ಗ್ರೀಸುಗಳನ್ನು ಅಮೆರಿಕದ ಎನ್‌ಎಸ್‌ಎಫ್ ಸಂಸ್ಥೆ ವರ್ಗೀಕರಿಸಿ ನೋಂದಾಯಿಸುತ್ತದೆ. ಆಕಸ್ಮಿಕವಾಗಿ ಆಹಾರಕ್ಕೆ ತಾಗುವ ಸಾಧ್ಯತೆಯಿರುವ ಸ್ಥಳಕ್ಕೆ ‘ಎಚ್ 1’ ವರ್ಗದ್ದು, ತಾಗುವ ಸಾಧ್ಯತೆಯೇ ಇಲ್ಲದ ಸ್ಥಳಕ್ಕೆ ‘ಎಚ್ 2’ ವರ್ಗದ್ದು. ಬ್ರೆಡ್ ಕತ್ತರಿಸುವ ಯಂತ್ರ ಚಿಕ್ಕದು. ಅದರ ಬೇರಿಂಗುಗಳು ಬ್ರೆಡ್ಡಿನ ಹಾದಿಗೆ ಹತ್ತಿರದಲ್ಲಿಯೇ ಇರುತ್ತವೆ. ಎರಡು ಡಬ್ಬಿ ಇಟ್ಟು ಗೊಂದಲಕ್ಕೆ ಎಡೆಮಾಡುವ ಬದಲು ಇಡೀ ಯಂತ್ರಕ್ಕೆ ಎಚ್ 1 ವರ್ಗದ ಎಣ್ಣೆ ಮತ್ತು ಗ್ರೀಸನ್ನೇ ಬಳಸುವುದು ಲೇಸು.

ಎಚ್ 1 ಎಂದರೆ ತಿನ್ನಬಹುದಾದ ಎಣ್ಣೆ ಎಂದು ಭಾವಿಸಬಾರದು. ಅಮೆರಿಕದ ನಿಯಮದಂತೆ ಇಂಥ ಖನಿಜ ತೈಲ ಆಹಾರದಲ್ಲಿ ಹತ್ತು ಲಕ್ಷ ಭಾಗಕ್ಕೆ 10 ಭಾಗವನ್ನು ಮೀರಬಾರದು. 400 ಗ್ರಾಂ ಬ್ರೆಡ್ಡಿಗೆ ಈ ಲೆಕ್ಕ 4 ಮಿಲಿಗ್ರಾಂ ಆಗುತ್ತದೆ. ಎಣ್ಣೆಯ ಒಂದು ಹನಿಯೇ ಸುಮಾರು 40 ಮಿಲಿಗ್ರಾಂ ತೂಗುತ್ತದೆ. ಅಂದರೆ ಒಂದೇ ಒಂದು ಹನಿ ಬಿದ್ದರೂ ಆ ಬ್ರೆಡ್ ಮಿತಿಯನ್ನು ಹತ್ತು ಪಟ್ಟು ಮೀರಿತು. ಅನುಮತಿಯಿರುವ ಎಣ್ಣೆಯ ಸ್ಥಿತಿಯೇ ಇದಾದರೆ, ವಾಹನದ ಎಂಜಿನ್ ಆಯಿಲ್ ಅಥವಾ ಬಳಸಿ ತೆಗೆದ ಕರಿ ಎಣ್ಣೆಯ ವಿಚಾರ ಹೇಳಬೇಕಾಗಿಲ್ಲ. ಅವು ಬೇಕರಿಯ ಬಾಗಿಲೊಳಗೆ ಬರಲೇಬಾರದು.

ಅಡುಗೆ ಎಣ್ಣೆ ಹಾಕಿದರೆ ದೋಷವಿಲ್ಲ ಎಂಬ ನಂಬಿಕೆಯೂ ಇದೆ. ಶೇಂಗಾ ಎಣ್ಣೆಯಾಗಲಿ ಸೂರ್ಯಕಾಂತಿ ಎಣ್ಣೆಯಾಗಲಿ ಗಾಳಿ ಮತ್ತು ಬಿಸಿಗೆ ಒಡ್ಡಿಕೊಂಡಾಗ ಕಮಟು ವಾಸನೆ ಹಿಡಿದು, ಕ್ರಮೇಣ ಮೇಣದಂತೆ ಗಟ್ಟಿಯಾಗುತ್ತದೆ. ಆ ಅಂಟಿಗೆ ಪುಡಿ ಮೆತ್ತಿಕೊಂಡು ಜಾಡು ಬಿಗಿಯಾಗುತ್ತದೆ, ಮೋಟಾರು ಕಾಯುತ್ತದೆ.

ಎಲ್ಲಿ ಬೇಕು, ಎಲ್ಲಿ ಬೇಡ

ಶಾಫ್ಟಿನ ಬೇರಿಂಗುಗಳಿಗೆ ಗ್ರೀಸ್ ನಿಪ್ಪಲ್ ಇದ್ದರೆ, ನಿಪ್ಪಲನ್ನು ಒರೆಸಿದ ಮೇಲೆಯೇ ಗ್ರೀಸ್ ಗನ್ ತಾಗಿಸಬೇಕು. ತಯಾರಕರು ಹೇಳಿದ ಅಳತೆಯನ್ನು ಮೀರಿ ಒತ್ತಿದರೆ ಸೀಲು ಹರಿಯುತ್ತದೆ, ಒಳಗಿನ ಗ್ರೀಸ್ ಹೊರಬಂದು ಕೆಳಗೆ ಸೋರುತ್ತದೆ. ಎರಡೂ ಬದಿ ಮುಚ್ಚಿದ ಸೀಲ್ಡ್ ಬೇರಿಂಗಿಗೆ ಹೊರಗಿನಿಂದ ಎಣ್ಣೆ ಹಾಕಿ ಪ್ರಯೋಜನವಿಲ್ಲ. ಸದ್ದು ಮಾಡಿದರೆ ಬದಲಿಸುವುದೊಂದೇ ದಾರಿ. ಒಂದು ಬಗೆಯ ಗ್ರೀಸಿನ ಮೇಲೆ ಇನ್ನೊಂದು ಬಗೆಯದನ್ನು ತುಂಬಬಾರದು. ಎರಡೂ ಹೊಂದದಿದ್ದರೆ ಮಿಶ್ರಣ ತೆಳುವಾಗಿ ಹರಿದುಹೋಗುವ ಸಂಭವವಿದೆ.

ಚೌಕಟ್ಟು ಜಾರುವ ಜಾಡಿಗೆ ಎಣ್ಣೆಯ ತೆಳು ಲೇಪ ಸಾಕು. ಹೆಚ್ಚಾದುದನ್ನು ಶುಭ್ರ ಬಟ್ಟೆಯಿಂದ ಒರೆಸಬೇಕು. ಜಾಡು ನೈಲಾನಿನದೋ ಮರದ್ದೋ ಆಗಿದ್ದರೆ ಎಣ್ಣೆ ಬೇಕೇ ಬೇಡವೇ ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡತಕ್ಕದ್ದು. ಬೆಲ್ಟ್ ಮತ್ತು ಪುಲ್ಲಿಗೆ ಎಣ್ಣೆ ತಾಗಲೇಬಾರದು, ಬೆಲ್ಟ್ ಜಾರುತ್ತದೆ. ತಯಾರಕರು ವಿಶೇಷವಾಗಿ ಸೂಚಿಸಿದ ಹೊರತು ಬ್ಲೇಡಿಗೂ ಎಣ್ಣೆ ಹಚ್ಚಬಾರದು.

ಬ್ಲೇಡುಗಳ ವಿಚಾರ

ಬ್ಲೇಡಿನ ತೊಂದರೆಗಳಲ್ಲಿ ಎಷ್ಟೋ ತಣಿಯದ ಬ್ರೆಡ್ಡಿನಿಂದ ಬಂದವು. ಬ್ರೆಡ್ಡಿನ ಒಳಭಾಗ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆಯೇ ಕತ್ತರಿಸಬೇಕು. ಬಿಸಿ ಬ್ರೆಡ್ಡಿನ ತಿರುಳು ಬ್ಲೇಡಿಗೆ ಅಂಟುತ್ತದೆ. ಆ ಅಂಟು ಮುಂದಿನ ಬ್ರೆಡ್ಡನ್ನು ಹರಿಯುತ್ತದೆ. ಟ್ರೇಯಲ್ಲಿ ಪುಡಿ ಹೆಚ್ಚುವುದು, ಅಡಿಯ ಸಿಪ್ಪೆ ಕಿತ್ತು ಬರುವುದು ಬ್ಲೇಡು ಮೊಂಡಾದುದರ ಲಕ್ಷಣ. ಹೋಳುಗಳು ಓರೆಯಾಗಿ, ಒಂದು ದಪ್ಪ ಒಂದು ತೆಳುವಾಗಿ ಬಂದರೆ ಬಿಗಿತ ಸಮನಾಗಿಲ್ಲ ಎಂದು ತಿಳಿಯಬೇಕು. ಸವೆದ ಬ್ಲೇಡುಗಳನ್ನು ಬಿಡಿಬಿಡಿಯಾಗಿ ಬದಲಿಸದೆ ಪೂರ್ತಿ ಸೆಟ್ ಬದಲಿಸುವುದು ಉತ್ತಮ.

ಪ್ರತಿದಿನ ಕೆಲಸದ ಮೊದಲೂ ಕೊನೆಗೂ ಬ್ಲೇಡುಗಳನ್ನು ಎಣಿಸಿ, ಹಲ್ಲು ಮುರಿದಿದೆಯೇ ಎಂದು ನೋಡಬೇಕು. ಚೂರು ಕಾಣೆಯಾಗಿದ್ದರೆ ಹಿಂದಿನ ತಪಾಸಣೆಯಿಂದ ಈಚೆಗೆ ಕತ್ತರಿಸಿದ ಬ್ರೆಡ್ಡನ್ನೆಲ್ಲ ತಡೆಹಿಡಿಯಬೇಕು. ನಷ್ಟ ನಿಜ, ಆದರೆ ಮಗುವಿನ ಬಾಯಿಗೆ ಉಕ್ಕಿನ ಚೂರು ಹೋಗುವುದರ ಮುಂದೆ ಅದು ನಷ್ಟವೇ ಅಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 54ನೆಯ ಕಲಮಿನಂತೆ ಆಹಾರದಲ್ಲಿ ಹೊರವಸ್ತು ಕಂಡುಬಂದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಮಳೆಗಾಲ ಮತ್ತು ಕಾರ್ಮಿಕರ ಸುರಕ್ಷತೆ

ನಮ್ಮ ಭಾಗದ ಮಳೆಗಾಲದಲ್ಲಿ ಟ್ರೇಯಲ್ಲಿ ಉಳಿದ ಪುಡಿ ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಅದೇ ಬೂಷ್ಟು ಮರುದಿನದ ಬ್ರೆಡ್ಡಿನ ಪ್ರತಿ ಹೋಳಿಗೂ ದಾಟುತ್ತದೆ. ಆದ್ದರಿಂದ ಪುಡಿಯನ್ನು ರಾತ್ರಿಯೇ ತೆಗೆಯಬೇಕು. ಯಂತ್ರಕ್ಕೆ ನೀರು ಸುರಿಯುವುದಾಗಲಿ, ಗಾಳಿಯ ಪಂಪಿನಿಂದ ಊದುವುದಾಗಲಿ ತರವಲ್ಲ. ಊದಿದ ಪುಡಿ ನೇರವಾಗಿ ಬೇರಿಂಗಿನೊಳಗೆ ಸೇರುತ್ತದೆ. ಒಣ ಕುಂಚ ಅಥವಾ ವ್ಯಾಕ್ಯೂಮ್ ಕ್ಲೀನರ್ ಸರಿಯಾದ ಸಾಧನ. ವಿದ್ಯುತ್ ಒತ್ತಡ ಕುಸಿದಾಗ ಯಂತ್ರವನ್ನು ಓಡಿಸಿದರೆ ಮೋಟಾರು ಸುಡುವ ಭಯವಿದೆ.

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಅದನ್ನು ಕೆಲಸ ಮಾಡುವವನ ಕಣ್ಣೆದುರಿಗೇ ಇಟ್ಟುಕೊಂಡ ಹೊರತು ಯಾರೂ ಬ್ಲೇಡಿನ ಹತ್ತಿರ ಕೈ ಒಯ್ಯಬಾರದು. ಕರೆಂಟು ಹೋಗಿದೆ ಎಂದು ಯಂತ್ರ ಬಿಚ್ಚುವುದು ಅತ್ಯಂತ ಅಪಾಯಕರ. ಅದು ಯಾವ ಗಳಿಗೆಯಲ್ಲಾದರೂ ಮರಳಬಹುದು. ಬ್ರೆಡ್ಡಿನ ಕೊನೆಯ ತುಂಡನ್ನು ತಳ್ಳುವ ಹಲಗೆಯಿಂದಲೇ ತಳ್ಳಬೇಕು, ಬೆರಳಿನಿಂದಲ್ಲ. ಎಣ್ಣೆ ಹಾಕಿದ ಮೇಲೆ ಯಂತ್ರವನ್ನು ಕೆಲವು ನಿಮಿಷ ಬರಿದೇ ಓಡಿಸಿ, ಸಿಡಿದ ಎಣ್ಣೆ ಇದ್ದರೆ ಮತ್ತೆ ಯಂತ್ರ ನಿಲ್ಲಿಸಿ, ಪ್ಲಗ್ ಕಿತ್ತು ಒರೆಸಬೇಕು. ಮೊದಲ ಬ್ರೆಡ್ಡನ್ನು ಮಾರಾಟಕ್ಕೆ ಸೇರಿಸಬಾರದು.

ಪಾಲಿಸಬಹುದಾದ ಕ್ರಮ

ಪ್ರತಿದಿನ: ಪುಡಿ ತೆಗೆಯುವುದು, ಬ್ಲೇಡು ಎಣಿಸುವುದು, ಎಣ್ಣೆ ಸೋರಿಕೆ ನೋಡುವುದು.
ಪ್ರತಿವಾರ: ಜಾಡು ಒರೆಸಿ ತೆಳುವಾಗಿ ಎಣ್ಣೆ ಸವರುವುದು, ಬ್ಲೇಡಿನ ಬಿಗಿತ ಮತ್ತು ನಟ್ಟು-ಬೋಲ್ಟು ಪರೀಕ್ಷಿಸುವುದು.
ಪ್ರತಿತಿಂಗಳು: ಬೆಲ್ಟ್, ಬೇರಿಂಗ್, ಕನೆಕ್ಟಿಂಗ್ ರಾಡಿನ ಬುಷ್ ಮತ್ತು ವಿದ್ಯುತ್ ತಂತಿಗಳ ತಪಾಸಣೆ.

ಕೈಪಿಡಿಯಲ್ಲಿ ಬೇರೆ ಅವಧಿ ಹೇಳಿದ್ದರೆ ಅದನ್ನೇ ಅನುಸರಿಸತಕ್ಕದ್ದು. ಮಾಡಿದ ಕೆಲಸವನ್ನು ದಿನಾಂಕ ಮತ್ತು ಸಹಿಯೊಡನೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಒಳ್ಳೆಯದು. ಅಧಿಕಾರಿಗಳು ತಪಾಸಣೆಗೆ ಬಂದಾಗ ಅದೇ ಮಾಲೀಕರ ಪರವಾದ ಸಾಕ್ಷಿ. ಹಳಿಯಾಳದಲ್ಲಿಯೇ ಇರುವ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯಂಥ ಕಡೆ ಈ ವಿಷಯದಲ್ಲಿ ಅರ್ಧ ದಿನದ ತರಬೇತಿಗೆ ಬೇಕರಿ ಉದ್ದಿಮೆದಾರರು ಒಟ್ಟಾಗಿ ಕೋರಿಕೆ ಸಲ್ಲಿಸಬಹುದು.

ಉಗುರಿನಿಂದ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಪ್ರಸಂಗ ಬಾರದಿರಲಿ. ದಿನಕ್ಕೆ ಹದಿನೈದು ನಿಮಿಷದ ಆರೈಕೆಯಿಂದ ಯಂತ್ರದ ಆಯುಷ್ಯ, ಕಾರ್ಮಿಕರ ಬೆರಳು ಮತ್ತು ಗ್ರಾಹಕರ ವಿಶ್ವಾಸ ಮೂರೂ ಉಳಿಯುತ್ತವೆ.