ಬೂಸಾನ್‌ಗೆ ಹೊರಟವರು ಅರಿತಿರಬೇಕಾದ ರೀತಿ-ನೀತಿ

ದಕ್ಷಿಣ ಕೊರಿಯಾದ ಎರಡನೇ ದೊಡ್ಡ ನಗರ ಬೂಸಾನ್‌ಗೆ ತೆರಳುವವರು ಅಲ್ಲಿನ ನಡವಳಿಕೆಯನ್ನೂ ಅರಿತಿರುವುದು ಲೇಸು. ಮೆಟ್ರೋ ಬೋಗಿಯ ತುದಿಯ ಆಸನಗಳು ವೃದ್ಧರು, ಅಂಗವಿಕಲರು ಹಾಗೂ ಗರ್ಭಿಣಿಯರಿಗೆ ಮೀಸಲು. ಖಾಲಿಯಿದ್ದರೂ ಉಳಿದವರು ಕೂರುವುದು ಸಲ್ಲದು. ಹಿರಿಯರಿಗೆ ಏನನ್ನೇ ಕೊಡುವಾಗ, ಅವರಿಂದ ಪಡೆಯುವಾಗ ಎರಡೂ ಕೈ ಬಳಸಬೇಕು. ಅವರು ಚಮಚ ಎತ್ತಿದ ಬಳಿಕವೇ ಊಟ ಆರಂಭಿಸಬೇಕು. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿಡುವುದು ಅಶುಭ. ಮೃತರಿಗಾಗಿ ಹಚ್ಚುವ ಊದುಬತ್ತಿಯನ್ನು ಅದು ನೆನಪಿಸುತ್ತದೆ. ಸಸ್ಯಾಹಾರಿಗಳು ಗಮನಿಸಬೇಕು: ಕಿಮ್ಚಿಗೂ ಸಾಮಾನ್ಯವಾಗಿ ಉಪ್ಪಿನಲ್ಲಿ ಹುದುಗಿಸಿದ ಮೀನು ಅಥವಾ ಸೀಗಡಿ ಬೆರೆಸಿರುತ್ತಾರೆ. ಟಿಪ್ಸ್ ನೀಡುವ ವಾಡಿಕೆಯಿಲ್ಲ.

ಕೊರಿಯಾ ಯುದ್ಧದಲ್ಲಿ ಮಡಿದ ವಿದೇಶಿ ಯೋಧರಿಗಾಗಿ 1951ರಲ್ಲಿ ಸ್ಥಾಪಿಸಿದ ವಿಶ್ವಸಂಸ್ಥೆ ಸ್ಮಶಾನವೂ ಇಲ್ಲಿದೆ. ನವೆಂಬರ್ 11ರ ಬೆಳಗ್ಗೆ 11ಕ್ಕೆ ಅವರ ಸ್ಮರಣೆಗೆ ಸೈರನ್ ಮೊಳಗುತ್ತದೆ. ಆಗ ಒಂದು ನಿಮಿಷ ಮೌನವಾಗಿ ನಿಲ್ಲುವುದು ಅತಿಥಿಯ ಧರ್ಮ.